ಯಾದಮ್ಮನ ಟೊಮ್ಯಾಟೊ ಸಾಲಿಗೆ ಚೆಂಡು ಹೂವಿನ ಕಾವಲು

ಹೈದರಾಬಾದಿನಲ್ಲಿ ನಮ್ಮ ಮೊದಲ ಬೆಳಗು ಘಾಟು ವಾಸನೆಯೊಂದರಿಂದ ಶುರುವಾಯಿತು. ಬಾಲಾನಗರದ ಸುತ್ತ ಬರೀ ಕಾರ್ಖಾನೆಗಳೇ ಎಂದು ಕೇಳಿದ್ದೆನಲ್ಲ, ಎಲ್ಲಿಯೋ ಏನೋ ಸೋರುತ್ತಿದೆ ಎಂದು ಗಾಬರಿಯಾಗಿ ಹಿಂಬಾಗಿಲು ತೆರೆದೆ. ಎದುರಿಗೆ ಬದನೆ ಗಿಡಗಳ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಮುಖಕ್ಕೆ ಸೆರಗು ಬಿಗಿದುಕೊಂಡು, ಬೆನ್ನಿಗೆ ನೀಲಿ ಪಂಪು ಹೊತ್ತುಕೊಂಡಿದ್ದಳು. ನನ್ನನ್ನು ಕಂಡದ್ದೇ ಕೈ ಬೀಸಿ, "ತಲುಪು! ತಲುಪು!" ಎಂದು ಕೂಗತೊಡಗಿದಳು.

ನಾವು ಹಿಂದಿನ ದಿನವೇ ತಲುಪಿದ್ದೆವು. ಸಾಮಾನೆಲ್ಲ ಇಳಿಸಿ ಆಗಿತ್ತು. ಹೌದೆಂದು ನಕ್ಕು ತಲೆಯಾಡಿಸಿ ಇನ್ನೂ ಎರಡು ಹೆಜ್ಜೆ ಮುಂದೆ ಹೋದೆ. ಆಕೆ ಕೈಯಲ್ಲಿದ್ದ ಸಿಂಪಡಿಸುವ ಕೋಲು ಬಿಸುಟು ಓಡಿ ಬಂದು, ನನ್ನನ್ನು ಒಳಗೆ ನೂಕಿ, ಹೊರಗಿನಿಂದ ಬಾಗಿಲು ಎಳೆದುಕೊಂಡಳು. ತೆಲುಗಿನಲ್ಲಿ ತಲುಪು ಎಂದರೆ ಬಾಗಿಲು. ಹೊಸ ಊರು ನನಗೆ ಹೇಳಿದ ಮೊದಲ ಮಾತೇ 'ಬಾಗಿಲು ಹಾಕಿಕೋ' ಎಂದು!

ಆಕೆ ನಮ್ಮ ಮನೆಯ ಒಡತಿ ಯಾದಮ್ಮ. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮುಂದಿನ ಭಾಗದಲ್ಲಿ ಆಕೆ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ನಮ್ಮ ಹಿಂಬಾಗಿಲಿಗೆ ತಾಗಿದಂತೆ ಆಕೆಯ ಹಿತ್ತಲು. ಗಂಡ ತೀರಿಕೊಂಡ ಮೇಲೆ ಆ ಜಾಗದಲ್ಲಿ ಇನ್ನೆರಡು ಬಾಡಿಗೆ ಕೋಣೆ ಕಟ್ಟಿಸು ಎಂದು ಎಲ್ಲರೂ ಹೇಳಿದರಂತೆ. ಆಕೆ ಕಟ್ಟಿಸಲಿಲ್ಲ. ಟೊಮ್ಯಾಟೊ, ಬದನೆ, ಪುಂಡಿಪಲ್ಯ ಹಾಕಿದಳು. ಸುತ್ತ ನಾಲ್ಕೂ ಕಡೆ ಲೇತ್ ಮಷಿನುಗಳ ಸದ್ದು, ನಡುವೆ ಈ ಹಸಿರು ತುಂಡು.

ನನ್ನ ಗಂಡನಿಗೆ ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಬಂದೆವು. ನಾನು ಬಿಟ್ಟು ಬಂದದ್ದೂ ಒಂದು ಕೆಲಸವನ್ನೇ. ಕುಷ್ಟಗಿಯ ಹತ್ತಿರ ಒಂದು ನರ್ಸರಿಯಲ್ಲಿ ಹನ್ನೆರಡು ವರ್ಷ ಸಸಿ ಬೆಳೆಸಿದೆ. ಮೆಣಸಿನಕಾಯಿ, ಟೊಮ್ಯಾಟೊ, ಚೆಂಡು ಹೂ. ಬೀಜ ಬೆರಳಿಗೆ ತಾಗಿದರೆ ಯಾವುದೆಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ರೈತರು ನನ್ನನ್ನು 'ಸಸಿ ಗಿರಿಜಕ್ಕ' ಎನ್ನುತ್ತಿದ್ದರು. ಇಲ್ಲಿ ಗಂಡ ಬೆಳಿಗ್ಗೆ ಏಳಕ್ಕೆ ಡಬ್ಬಿ ಹಿಡಿದು ಹೋದರೆ, ಸಂಜೆಯವರೆಗೆ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವವರಿರಲಿಲ್ಲ. ಅಲ್ಲಿ ಹಾಲಿನವನಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ "ಆರಾಮ ಅದೀರೇನ್ರಿ?" ಎನ್ನದೆ ಮುಂದೆ ಹೋಗುತ್ತಿರಲಿಲ್ಲ. ಇಲ್ಲಿ ತರಕಾರಿ ಗಾಡಿಯವನಿಗೂ ನಾನು ಬೆರಳು ತೋರಿಸಿಯೇ ಮಾತಾಡಬೇಕಿತ್ತು.

ಯಾದಮ್ಮ ನಾಲ್ಕು ದಿನಕ್ಕೊಮ್ಮೆ ಪಂಪು ಹೊರುತ್ತಿದ್ದಳು. ನಮ್ಮ ಕಡೆ ಬೆಳೆಗೆ ವಿಷ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೋದು' ಎನ್ನುತ್ತೇವೆ. ಇಲ್ಲಿ 'ಮಂದು' ಹೊಡೆಯುತ್ತಾರೆ. ಮಂದು ಎಂದರೆ ಔಷಧಿ. ವಿಚಿತ್ರವೆಂದರೆ ಹೆಂಡಕ್ಕೂ ಅಲ್ಲಿ ಎಣ್ಣಿ ಎನ್ನುತ್ತಾರೆ, ಇಲ್ಲಿ ಮಂದು ಎನ್ನುತ್ತಾರೆ. ಹೊಟ್ಟೆ ಸುಡುವುದಕ್ಕೂ ಹುಳ ಸುಡುವುದಕ್ಕೂ ಎರಡೂ ಊರಿನವರು ಒಂದೇ ಹೆಸರಿಟ್ಟಿದ್ದಾರೆ. ಇದನ್ನು ಹರಕು ಮುರುಕು ತೆಲುಗಿನಲ್ಲಿ ಯಾದಮ್ಮನಿಗೆ ಹೇಳಿದಾಗ ಆಕೆ ಸೊಂಟ ಹಿಡಿದುಕೊಂಡು ನಕ್ಕಳು. ಆವತ್ತಿನಿಂದ ನಾವು ಮಾತಾಡತೊಡಗಿದೆವು. ಆಕೆ ಆಡಿದ್ದನ್ನು ಇನ್ನು ಮುಂದೆ ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ. ಆಗ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ ಎಂಬುದು ಮಾತ್ರ ನಿಮ್ಮ ನೆನಪಿನಲ್ಲಿರಲಿ.

ಯಾದಮ್ಮನ ಮಗಳು ಸ್ವಪ್ನ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿರುತ್ತಾಳೆ. ಪ್ರತಿ ಭಾನುವಾರ ಮೂರು ವರ್ಷದ ಮಗಳು ಚಿನ್ನಿಯನ್ನು ಕರೆದುಕೊಂಡು ಬರುತ್ತಿದ್ದಳು. ಮಗು ಹಿಂಬಾಗಿಲ ಕಡೆ ಓಡಿದರೆ ಸಾಕು, ಅಜ್ಜಿ "ಮುಟ್ಟಕು! ಮುಟ್ಟಕು!" ಎಂದು ಚೀರುತ್ತಿದ್ದಳು. ಮುಟ್ಟಬೇಡ ಎಂದರ್ಥ. ಮಗು ಮುಂಬಾಗಿಲ ಸಿಮೆಂಟಿನ ಮೇಲೆ ಆಡಬೇಕಿತ್ತು. ಹೊರಡುವಾಗ ಯಾದಮ್ಮ ಹಳೆಯ ಹಸಿರು ಸೀರೆಯಿಂದ ಹೊಲಿದ ಚೀಲದ ತುಂಬ ತರಕಾರಿ ತುಂಬಿ ಕೊಡುತ್ತಿದ್ದಳು.

ಒಂದು ಭಾನುವಾರ ನಾನು ಅಂಗಡಿಗೆ ಹೊರಟವಳು ಓಣಿಯ ತಿರುವಿನಲ್ಲಿದ್ದೆ. ಸ್ವಪ್ನ ಆಟೊ ನಿಲ್ಲಿಸಿ ಇಳಿದು ಬಂದು ಆ ಚೀಲವನ್ನು ನನ್ನ ಕೈಗಿಟ್ಟಳು.

"ಅಕ್ಕಾ, ನೀವು ಇಟ್ಟುಕೊಳ್ಳಿ. ಚಿನ್ನಿಗೆ ಮೈಮೇಲೆ ಗಂಧೆ ಏಳುತ್ತಿದೆ. ಯಾವುದರಿಂದ ಅಂತ ಡಾಕ್ಟರಿಗೂ ಗೊತ್ತಿಲ್ಲ. ನನಗೆ ಹೆದರಿಕೆ. ಅಮ್ಮನಿಗೆ ಹೇಳಬೇಡಿ, ಸಂಕಟಪಡುತ್ತಾಳೆ."

ಎಸೆಯಲು ಅವಳಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಉಪ್ಪು ಹುಣಸೆ ನೀರಿನಲ್ಲಿ ತೊಳೆದು ನಾವೇ ತಿಂದೆವು. ಮೂರು ಭಾನುವಾರ ಹೀಗೇ ನಡೆಯಿತು. ನಾಲ್ಕನೆಯ ವಾರ ನೀರಿನ ಮೋಟಾರು ಹಾಕಿದೆನೆಂದು ಹೇಳಲು ಯಾದಮ್ಮ ನಮ್ಮ ಅಡುಗೆಮನೆಯವರೆಗೆ ಬಂದವಳು, ಮೊಳೆಗೆ ನೇತುಹಾಕಿದ್ದ ಹಸಿರು ಚೀಲವನ್ನು ಕಂಡಳು.

ಸುಳ್ಳು ಹೇಳುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲ. ಇದ್ದದ್ದನ್ನು ಹೇಳಿದೆ.

ಆಕೆ ಚೀಲವನ್ನು ಮೊಳೆಯಿಂದ ಬಿಡಿಸಿ ಮಡಚಿದಳು. ಮತ್ತೆ ಬಿಚ್ಚಿ ಮಡಚಿದಳು. "ನಾ ಬಿಡ್ಡಕು ನೇನು ವಿಷಂ ಪೆಡ್ತನಾ?" ಎಂದಳು. ನನ್ನ ಮಗುವಿಗೆ ನಾನು ವಿಷ ಇಡುತ್ತೇನೆಯೇ ಎಂದು. ಆ ಮಾತಿಗೆ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಎಷ್ಟೋ ದಿನ ಆಕೆ ನನ್ನ ಮುಖ ನೋಡಲಿಲ್ಲ. ಗಂಡನಿಗೆ ಹೇಳಿದರೆ, "ಮನಿ ಬಿಡಾಕ ಹೇಳ್ತಾಳೇನು? ಈಗರೆ ಗ್ಯಾಸಿನ ವಿಳಾಸ ಬದ್ಲಿ ಮಾಡಿಸೀನಿ," ಎಂದರು.

"ಮನಿ ಮಾತು ಬಿಡ್ರಿ. ಆಕಿ ಕೈ ನೋಡೀರೇನು? ಮೊಣಕೈ ತನಾ ಕೆಂಪಗ ಆಗ್ಯಾವ. ತಾನೂ ಸುಟ್ಕೊಳ್ಳಾಕತ್ತಾಳ," ಎಂದೆ.

ಮರುದಿನ ನಾನೇ ಆಕೆಯ ಬಾಗಿಲಿಗೆ ಹೋಗಿ, ಮೂರು ಸಾಲು ನನಗೆ ಬಿಟ್ಟುಕೊಡಿ, ಮಂದು ಇಲ್ಲದೆ ಬೆಳೆದು ತೋರಿಸುತ್ತೇನೆ ಎಂದು ಕೇಳಿದೆ.

"ಮಂದು ಹೊಡೆಯದಿದ್ದರೆ ಪುರುಗು ಹೇಗೆ ಹೋಗುತ್ತದೆ?" ಎಂದಳು. ಪುರುಗು ಎಂದರೆ ಹುಳ.

"ಬಂತಿ ಹೂ ಹಚ್ಚೋಣ."

ಚೆಂಡು ಹೂವಿಗೆ ಇಲ್ಲಿ ಬಂತಿ ಎನ್ನುತ್ತಾರೆ. ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ಆಕೆ ನೋಡಿದಳು. ಆದರೆ ಬೇಡ ಎನ್ನಲಿಲ್ಲ.

ಬೀಜಕ್ಕಾಗಿ ಎರಡು ಬಸ್ಸು ಬದಲಿಸಿ ಕೋಠಿಗೆ ಹೋದೆ. ಬಟ್ಟೆ ಅಂಗಡಿ, ಪುಸ್ತಕದ ರಾಶಿ, ಔಷಧಿ ಅಂಗಡಿಗಳನ್ನು ದಾಟಿ ಒಂದು ಗಲ್ಲಿಯಲ್ಲಿ ಬೀಜದ ಅಂಗಡಿ ಸಿಕ್ಕಿತು. ಪೊಟ್ಟಣ ತಿರುಗಿಸಿ ನೋಡುತ್ತ ನನ್ನಷ್ಟಕ್ಕೆ ನಾನೇ, "ಇವು ಎತ್ತರ ಬೆಳೀತಾವೋ, ಗಿಡ್ಡೋ?" ಎಂದುಕೊಂಡೆ.

"ಎತ್ತರನ ಬೆಳೀತಾವ್ರಿ ಅಕ್ಕಾರ," ಎಂದರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯರು. "ಯಾವ ಊರು ನಿಮ್ದು?"

ಗಂಡನೊಬ್ಬನನ್ನು ಬಿಟ್ಟರೆ ಈ ಊರಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಪೊಟ್ಟಣ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ಅವರ ಅಜ್ಜ ಯಾದಗಿರಿ ಕಡೆಯಿಂದ ಬಂದವರಂತೆ. "ಮನ್ಯಾಗ ಕನ್ನಡ, ದುಕಾನದಾಗ ಹಿಂದಿ, ಗಿರಾಕಿ ಜೋಡಿ ತೆಲುಗು," ಎಂದು ನಕ್ಕರು. ಚಹಾ ತರಿಸಿದರು. "ಹೊಸದಾಗಿ ಬಂದೀರಿ, ಭಾಳ ಬ್ಯಾಸರ ಆಗತದ. ಒಂದು ವರ್ಷ ತಡ್ಕೊಳ್ರಿ. ಆಮ್ಯಾಲ ಊರಿಗೆ ಹೋದ್ರ ಅಲ್ಲೀನೂ ಬ್ಯಾಸರ ಆಗತದ." ನಾನು ಅದನ್ನು ಬರೀ ತಮಾಷೆ ಎಂದುಕೊಂಡೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಟೊಮ್ಯಾಟೊ ಕಾಯಿ ಕೊರೆಯುವ ಹುಳದ ಚಿಟ್ಟೆಗೆ ಚೆಂಡು ಹೂವೆಂದರೆ ಬಲು ಇಷ್ಟ. ಹೂ ಅರಳಿದ್ದರೆ ಅದು ಟೊಮ್ಯಾಟೊ ಬಿಟ್ಟು ಅಲ್ಲಿಯೇ ಮೊಟ್ಟೆ ಇಡುತ್ತದೆ. ಆದರೆ ಟೊಮ್ಯಾಟೊ ಹೂ ಬಿಡುವ ಹೊತ್ತಿಗೆ ಚೆಂಡು ಹೂವೂ ಅರಳಿರಬೇಕು. ಅದಕ್ಕಾಗಿ ನರ್ಸರಿಯಲ್ಲಿ ನಾವು ಚೆಂಡು ಹೂವಿನ ಬೀಜವನ್ನು ಎರಡು ಮೂರು ವಾರ ಮೊದಲೇ ಹಾಕುತ್ತಿದ್ದೆವು. ಇದು ನನಗೆ ಗೊತ್ತಿರಲಿಲ್ಲವೇ? ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಯಾದಮ್ಮನ ಟೊಮ್ಯಾಟೊ ಸಸಿಗಳು ತಯಾರಾಗಿದ್ದವು. "ಇನ್ನೂ ಎಷ್ಟು ದಿನ ಕಾಯಬೇಕು?" ಎಂದು ಆಕೆ ಮುಖ ಗಂಟಿಕ್ಕಿದಳು. ಅಷ್ಟು ದಿನದ ಮೌನ ಈಗಷ್ಟೇ ಮುರಿದಿದೆ, ಮತ್ತೆಲ್ಲಿ ಕೆಡುತ್ತದೋ ಎಂಬ ಅಂಜಿಕೆಯಿಂದ, ಬೆರಳುದ್ದದ ಚೆಂಡು ಹೂ ಸಸಿಗಳನ್ನು ಟೊಮ್ಯಾಟೊ ಜೊತೆಗೇ ನೆಟ್ಟುಬಿಟ್ಟೆ. ಮೆಚ್ಚಿಸಲು ಹೋಗಿ ನನಗೆ ಬರುತ್ತಿದ್ದ ಒಂದೇ ವಿದ್ಯೆಯನ್ನು ಕೆಡಿಸಿಕೊಂಡೆ.

ಟೊಮ್ಯಾಟೊ ಕಾಯಿ ಕಚ್ಚಿದಾಗ ಚೆಂಡು ಹೂ ಇನ್ನೂ ಮೊಗ್ಗೂ ಕಟ್ಟಿರಲಿಲ್ಲ. ಅರ್ಧದಷ್ಟು ಕಾಯಿಗಳಲ್ಲಿ ದುಂಡನೆಯ ತೂತು. ಬೆಳಬೆಳಿಗ್ಗೆ ಎದ್ದು ಹುಳ ಆರಿಸಿದೆ. ಎಷ್ಟೆಂದು ಆರಿಸಲಿ? ಒಂದು ಶನಿವಾರ ಯಾದಮ್ಮ ಪಂಪು ತುಂಬಿಸಿದಳು. ನಾನು ಬಾಗಿಲು ಹಾಕಿಕೊಂಡೆ.

ಆ ಭಾನುವಾರವೇ ಅದು ನಡೆಯಿತು. ಚಿನ್ನಿ ಯಾರ ಕಣ್ಣಿಗೂ ಬೀಳದೆ ಹಿತ್ತಲಿಗೆ ನುಗ್ಗಿ ಟೊಮ್ಯಾಟೊ ಕಿತ್ತು ಬಾಯಿಗಿಟ್ಟುಕೊಂಡಿದ್ದಳು. ಹಿಂದಿನ ದಿನವಷ್ಟೇ ಹೊಡೆದ ಮಂದು. ಸ್ವಪ್ನ ಕಿರುಚಿ ಮಗುವಿನ ಬಾಯಿಗೆ ಬೆರಳು ಹಾಕಿ ತೆಗೆದಳು, ಕೈ ತಿಕ್ಕಿ ತಿಕ್ಕಿ ತೊಳೆದಳು, ಬೆನ್ನಿಗೆ ಎರಡು ಏಟೂ ಕೊಟ್ಟಳು. ಮಗುವಿಗೆ ಏನೂ ಆಗಲಿಲ್ಲ. ಆದರೆ ಸ್ವಪ್ನ ಊಟ ಮಾಡದೆ ಹೊರಟುಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಯಾದಮ್ಮ ಬೆಳಿಗ್ಗೆಯಿಂದ ಮುಂಬಾಗಿಲಲ್ಲಿ ಕೂತಿರುತ್ತಿದ್ದಳು. ಯಾರಾದರೂ ಕೇಳಿದರೆ, "ಗಾಳಿಗೆ ಕೂತಿದ್ದೇನೆ," ಎನ್ನುತ್ತಿದ್ದಳು.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಆಕೆ ನಮ್ಮ ಬಾಗಿಲಿಗೆ ಬಂದಳು. ನೀಲಿ ಪಂಪನ್ನು ತೊಳೆದು ಒಣಗಿಸಿ ತಂದಿದ್ದಳು.

"ಇದು ನಿನ್ನ ಹತ್ತಿರ ಇರಲಿ. ನಾನೇ ಬಂದು ಕೇಳಿದರೂ ಕೊಡಬೇಡ," ಎಂದಳು. ಪಂಪನ್ನು ಹೊಸ್ತಿಲ ಒಳಗಿಟ್ಟು, "ಹೋದ ಸಲ ಯಾಕೆ ಕೆಟ್ಟಿತು, ನಿಜ ಹೇಳು," ಎಂದಳು.

ಹೇಳಿದೆ.

"ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆಯಾ?"

"ನೀವು ಸಿಟ್ಟಾಗತೀರಿ ಅಂತ."

"ಸಿಟ್ಟಾದರೆ ಆಗುತ್ತೇನೆ. ಬಾಯಿ ನನ್ನದು, ತೋಟ ನನ್ನದು, ಸಿಟ್ಟೂ ನನ್ನದು. ನೀನು ಗಿಡದ ಮಾತು ಹೇಳು."

ಆ ಸಲ ಹಠ ಹಿಡಿದು ಮೊದಲು ಚೆಂಡು ಹೂ ಬೀಜ ಹಾಕಿದೆ. ಮೂರು ವಾರ ಬಿಟ್ಟು ಟೊಮ್ಯಾಟೊ. ನಮ್ಮ ಕಡೆಯ ಕೆಂಪು ಮಸಾರಿ ಮಣ್ಣು ಬೇರು ಕೇಳುವ ಮುಂಚೆಯೇ ದಾರಿ ಬಿಡುತ್ತದೆ. ಇಲ್ಲಿಯ ಮಣ್ಣಿನಲ್ಲಿ ಇಟ್ಟಿಗೆ ಚೂರು, ಕಬ್ಬಿಣದ ಪುಡಿ. ಇಬ್ಬರೂ ಕೂತು ಆರಿಸಿದೆವು. ಮೂರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂ. ಈ ಕೆಲಸದಲ್ಲೇ ನನಗೆ ತೆಲುಗು ಬಂತು. ನೀಳ್ಳು, ಮಟ್ಟಿ, ವೇರು, ಚೆಟ್ಟು. ನೀರು, ಮಣ್ಣು, ಬೇರು, ಗಿಡ. ಮೊದಲು ಹೆಸರುಗಳು, ಆಮೇಲೆ ಬೈಗುಳ, ಕೊನೆಗೆ ವ್ಯಾಕರಣ.

ಚೆಂಡು ಹೂ ಸೊಂಟದೆತ್ತರಕ್ಕೆ ಬೆಳೆದು ಅರಳಿದವು. ನಾನು ಹಿಗ್ಗಿದೆ. ಯಾದಮ್ಮ ಒಂದು ಹೂ ಬಿಡಿಸಿ ನೋಡಿ ಹೌಹಾರಿದಳು. ಪಕಳೆಗಳ ನಡುವೆ ಹಸಿರು ಹುಳ. ಇನ್ನೊಂದರಲ್ಲೂ ಹುಳ.

"ಅಯ್ಯೋ, ಹುಳ ಓಡಿಸು ಎಂದರೆ ಹುಳ ಸಾಕಿದ್ದೀಯಲ್ಲೇ!"

"ಅವು ಇಲ್ಲಿಗೆ ಬರಲಿ ಅಂತಾನೇ ಹೂ ಹಚ್ಚಿದ್ದು, ಅಮ್ಮಾ. ಟೊಮ್ಯಾಟೊ ನೋಡಿ ಮೊದಲು."

ಆಕೆ ನೋಡಲಿಲ್ಲ. ಸಂಜೆ ಬಂದು ಪಂಪು ಕೇಳಿದಳು. ಕೊಡುವುದಿಲ್ಲ ಎಂದೆ. "ನನ್ನ ಪಂಪು, ನನ್ನ ಮನೆ," ಎಂದಳು. ಬಾಗಿಲಿಗೆ ಅಡ್ಡ ನಿಂತೆ. "ಮನೆ ಬಿಡು ಎನ್ನಿ, ಬಿಡುತ್ತೇನೆ. ಪಂಪು ಕೊಡುವುದಿಲ್ಲ. ನೀವೇ ಹೇಳಿದ್ದೀರಿ." ಆಕೆ ದಾಪುಗಾಲು ಹಾಕಿ ಹೊರಟುಹೋದಳು. ಬೆಳಿಗ್ಗೆ ನೋಡಿದರೆ ಟೊಮ್ಯಾಟೊ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಎಳೆಗಾಯಿಯನ್ನು ತಿರುಗಿಸಿ ನೋಡುತ್ತಿದ್ದಳು. ನನ್ನನ್ನು ಕಂಡು, "ಎರಡೇ ತೂತು," ಎಂದಳು, ಬೇರೆ ಯಾರದೋ ತೋಟದ ಸುದ್ದಿ ಹೇಳುವಂತೆ.

ಅಷ್ಟರಲ್ಲಿ ಬತುಕಮ್ಮ ಬಂತು. ನವರಾತ್ರಿಯ ಹೊತ್ತಿಗೆ ತೆಲಂಗಾಣದ ಹೆಣ್ಣುಮಕ್ಕಳು ಆಡುವ ಹಬ್ಬವಿದು. ನಮ್ಮಲ್ಲಿ ಹೂವನ್ನು ದೇವರಿಗೆ ಏರಿಸುತ್ತೇವೆ. ಇಲ್ಲಿ ಹೂವೇ ದೇವರು. ಹರಿವಾಣದಲ್ಲಿ ಸುತ್ತುಸುತ್ತಾಗಿ ಹೂ ಪೇರಿಸಿ ಗೋಪುರ ಮಾಡುತ್ತಾರೆ. ಆ ಗೋಪುರವೇ ಬತುಕಮ್ಮ. ಬಾಲಾನಗರದಲ್ಲಿ ಹೂ ಬೆಳೆಯುವವರು ಯಾರು? ಓಣಿಯ ಹೆಂಗಸರು ಎಂಟು ಹತ್ತು ಜನ ಬುಟ್ಟಿ ಹಿಡಿದು ನಮ್ಮ ಹಿತ್ತಲಿಗೆ ಬಂದರು.

ಕೆಳಗಿನ ಟೊಮ್ಯಾಟೊ ಈಗಷ್ಟೇ ಹಣ್ಣಾಗುತ್ತಿದೆ, ಮೇಲೆ ಇನ್ನೂ ಕಾಯಿ ಕಟ್ಟುತ್ತಿದೆ. ಹೂವೆಲ್ಲ ಹೋದರೆ ಚಿಟ್ಟೆ ಎಲ್ಲಿಗೆ ಹೋಗುತ್ತದೆ? "ಹೂ ಕೊಡಲು ಆಗುವುದಿಲ್ಲ," ಎಂದುಬಿಟ್ಟೆ. ನನ್ನ ತೆಲುಗಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿರಬೇಕು.

ಒಬ್ಬಳು, "ಬತುಕಮ್ಮನಿಗೆ ಹೂ ಇಲ್ಲ ಎನ್ನುತ್ತಾರಾ? ಎಲ್ಲಿಯವಳು ಈಕೆ?" ಎಂದಳು.

ಯಾದಮ್ಮ ನನ್ನ ಕಡೆ ತಿರುಗಿದಳು. "ಎಲ್ಲ ಹೂ ಬೇಕಾ ನಿನ್ನ ಟೊಮ್ಯಾಟೊಗೆ? ವಿಚಾರ ಮಾಡಿ ಹೇಳು."

ವಿಚಾರ ಮಾಡಿದೆ. ಊರಲ್ಲಿ ರೈತರು ಚೆಂಡು ಹೂ ಕಿತ್ತು ಮಾರುತ್ತಲೇ ಇರುತ್ತಾರೆ. ಕಿತ್ತಷ್ಟೂ ಗಿಡ ಹೊಸ ಮೊಗ್ಗು ಬಿಡುತ್ತದೆ. ಮುಷ್ಟಿ ಬಿಗಿಹಿಡಿದದ್ದು ನಾನು, ಗಿಡವಲ್ಲ. "ಪೂರ್ತಿ ಅರಳಿದವು ತಗೊಳ್ರಿ. ಮೊಗ್ಗು, ಅರೆಬಿರಿದವು ಬಿಡ್ರಿ," ಎಂದೆ.

ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ. ದೇವಿಯಾಗುವ ಹೂವಿನಲ್ಲಿ ಹುಳ ಇರಬಾರದಲ್ಲ! ಹೆಂಗಸರು ಸಾಲಿನಲ್ಲಿ ಕೂತು ಒಂದೊಂದು ಹೂವನ್ನೂ ಬಿಡಿಸಿ ನೋಡಿದರು. ಸಿಕ್ಕ ಹುಳವನ್ನು ಸಾಬೂನಿನ ನೀರಿದ್ದ ಬಕೆಟ್ಟಿಗೆ ಉದುರಿಸಿದರು. ವಾರಗಟ್ಟಲೆ ನಾನೊಬ್ಬಳೇ ಮಾಡುತ್ತಿದ್ದ ಕೆಲಸ ಒಂದೇ ಬೆಳಿಗ್ಗೆ ಮುಗಿಯಿತು. ನಗು, ಚೀರಾಟ, ಯಾರದೋ ಸೊಸೆಯ ಚಾಡಿ. ಎಲ್ಲಿಯವಳು ಈಕೆ ಎಂದವಳೇ, "ಅಕ್ಕಾ, ಇದೂ ಅದೇ ಹುಳವಾ?" ಎಂದು ಕೇಳುತ್ತಿದ್ದಳು. ಸಂಜೆ ಓಣಿಯಲ್ಲಿ ಹೂವಿನ ಗೋಪುರಗಳ ಸುತ್ತ ಅವರು ಹಾಡುತ್ತ ಚಪ್ಪಾಳೆ ತಟ್ಟಿ ಸುತ್ತಿದರು. ಯಾದಮ್ಮ ನನ್ನ ರಟ್ಟೆ ಹಿಡಿದು ಎಳೆದು ಸುತ್ತಿನೊಳಗೆ ಸೇರಿಸಿಕೊಂಡಳು. ಹಾಡು ನನಗೆ ಬರುತ್ತಿರಲಿಲ್ಲ. ಹೆಜ್ಜೆ ಮೂರನೆಯ ಸುತ್ತಿಗೆ ಬಂತು.

ಹಬ್ಬಕ್ಕೆಂದು ಬಂದಿದ್ದ ಸ್ವಪ್ನ ಮರುದಿನ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು, "ಅಮ್ಮಾ, ಮಂದು?"

"ನನ್ನನ್ನು ಕೇಳಬೇಡ. ಪಂಪು ಆಕೆಯ ಹತ್ತಿರ ಇದೆ, ಆಕೆಯನ್ನೇ ಕೇಳು."

ನಾನು ಒಂದು ಟೊಮ್ಯಾಟೊ ಕಿತ್ತು ಸ್ವಪ್ನಳ ಕೈಗಿಟ್ಟೆ. ಅದರಲ್ಲಿ ತೂತಿತ್ತು. ತೂತಿನೊಳಗೆ ಹುಳ ಜೀವಂತವಾಗಿ ಮಿಸುಕುತ್ತಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಚಿನ್ನಿ ಅಮ್ಮನ ಸೆರಗಿನ ಸಂದಿಯಿಂದ ನುಸುಳಿ ಸಾಲುಗಳ ನಡುವೆ ಓಡಿತು. ಅಭ್ಯಾಸಬಲದಿಂದ ಯಾದಮ್ಮನ ಬಾಯಿ "ಮುಟ್ಟ..." ಎಂದು ತೆರೆಯಿತು. ಅಲ್ಲಿಗೇ ನಿಂತಿತು. ಮಗು ಎರಡೂ ಕೈಯಲ್ಲಿ ಟೊಮ್ಯಾಟೊ ಹಿಡಿದು ಕಚ್ಚಿತು. ರಸ ಗದ್ದದಿಂದ ಅಂಗಿಗೆ ಇಳಿಯಿತು. ಅಜ್ಜಿ ಗೋಡೆಗೆ ಒರಗಿ ನೋಡುತ್ತಲೇ ಇದ್ದಳು.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬದನೆಯ ಹುಳಕ್ಕೆ ಚೆಂಡು ಹೂವಿನ ಗೊಡವೆಯೇ ಇಲ್ಲ. ಬಾಡಿದ ಕುಡಿ ಚಿವುಟಿ ಎಸೆಯುತ್ತ ಇರಬೇಕು. ಕೆಲವು ಟೊಮ್ಯಾಟೊ ಗಿಡ ಎಲೆ ಮುದುಡಿ ಹೋದವು. ಚಿನ್ನಿಯ ಗಂಧೆ ಧೂಳಿನಿಂದ ಎಂದು ಡಾಕ್ಟರು ಆಮೇಲೆ ಹೇಳಿದರಂತೆ. ಆದರೆ ಯಾದಮ್ಮನ ಮೊಣಕೈ ಮೊದಲಿನ ಬಣ್ಣಕ್ಕೆ ಬಂದಿದೆ. ಓಣಿಯ ಮೂರು ಮನೆಯವರು ಮಹಡಿಯ ಕುಂಡಗಳಿಗೆ ನನ್ನಿಂದ ಸಸಿ ಒಯ್ದಿದ್ದಾರೆ.

ಚಳಿ ಶುರುವಾದ ಮೇಲೆ ನಾಲ್ಕು ದಿನ ಕುಷ್ಟಗಿಗೆ, ಅಣ್ಣನ ಮನೆಗೆ ಹೋದೆ. ಹಳೆಯ ನರ್ಸರಿಗೂ ಹೋಗಿ ಬಂದೆ. ಹಸಿರು ಪರದೆಯ ಕೆಳಗಿನ ಆ ಒದ್ದೆ ವಾಸನೆ ಮೂಗಿಗೆ ಬಡಿಯಿತು. ಮಾಲೀಕರು, "ಬಂದ್ಬಿಡ್ರಿ ಗಿರಿಜಕ್ಕ, ನಿಮ್ಮ ಜಾಗಾ ಖಾಲಿನ ಐತಿ," ಎಂದರು. ಒಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. "ವಿಚಾರ ಮಾಡ್ತೀನ್ರಿ," ಎಂದು ಬಂದೆ.

ಮಧ್ಯಾಹ್ನ ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಬೇಯಿಸುತ್ತಿದ್ದೆ. ಯಾದಮ್ಮನ ಫೋನು ಬಂತು. ಮೊಗ್ಗಿನಲ್ಲಿ ಹೊಸ ಥರದ ಹುಳ, ಕರಿ ತಲೆ, ಏನು ಮಾಡಲಿ ಎಂದು ಕೇಳಿದಳು. ಹೇಳಿದೆ. "ಎಪ್ಪುಡೊಸ್ತವ್?" ಎಂದಳು. ಯಾವಾಗ ಬರುತ್ತೀ?

"ಸೋಮವಾರಂ ಇಂಟಿಕೊಸ್ತ," ಎಂದು ಫೋನು ಇಟ್ಟೆ.

ವೈನಿ ಕೈ ನಿಲ್ಲಿಸಿ ಕೇಳಿದಳು, "ಸೋಮವಾರ ಅಂದದ್ದು ತಿಳೀತು. ಇಂಟಿಕೊಸ್ತ ಅಂದ್ರ ಏನು?"

"ಮನಿಗೆ ಬರ್ತೀನಿ ಅಂತ."

ಅಂದ ಮೇಲೆಯೇ ನನಗೆ ಕೇಳಿಸಿತು. ನಾನು ಹುಟ್ಟಿದ ಮನೆಯ ಒಲೆಯ ಮುಂದೆ ಕೂತಿದ್ದೆ. ವೈನಿ ಇನ್ನೊಂದು ಉಂಡೆ ಹಿಟ್ಟು ಮುರಿದುಕೊಂಡು, "ಹಂಗಾರ ಸೋಮವಾರದ್ದು ಬುತ್ತಿ ಕಟ್ತೀನಿ. ಆಕಿಗೂ ನಾಕು ರೊಟ್ಟಿ ಇಡ್ಲೇನು?" ಎಂದಳು.

"ಇಡು," ಎಂದೆ. "ಆಕಿ ಒಣ ರೊಟ್ಟಿ ತಿನ್ನಂಗಿಲ್ಲ. ಮೆತ್ತಗಿರಲಿ."